ಸಾಬಿರಾಳ ಹಿಟ್ಟು

ಜಗಳ ಹತ್ತಿಕೊಂಡದ್ದು ಒಂದು ನೋಟ್‌ಬುಕ್ಕಿನಿಂದ. ಹಿಂದಿನ ದಿನ ಮಳೆ ಬಿದ್ದು ತಂದೂರಿಗೆ ಹಾಕುವ ಮುಳ್ಳುಕಡ್ಡಿಯೆಲ್ಲ ಒದ್ದೆಯಾಗಿತ್ತು. ಎಷ್ಟು ಊದಿದರೂ ಹೊಗೆಯೇ ಹೊರತು ಉರಿಯಿಲ್ಲ. ಹೊಸ್ತಿಲ ಬಳಿ ಬಿದ್ದಿದ್ದ ನೋಟ್‌ಬುಕ್ಕು ಮಸ್ತೂರಾಳ ಕೈಗೆ ಸಿಕ್ಕಿತು, ಏಳೆಂಟು ಹಾಳೆ ಪರಪರನೆ ಹರಿದು ಒಳಗೆ ಹಾಕಿದಳು. ಅದರಲ್ಲಿ ಏನು ಬರೆದಿದೆ ಎಂದು ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ, ಅರವತ್ತೆರಡು ವರ್ಷದಲ್ಲಿ ಅವಳು ಒಂದಕ್ಷರ ಕಲಿತವಳಲ್ಲ.

ಆ ಹಾಳೆಗಳಲ್ಲಿ ಒಬ್ಬ ಹುಡುಗಿ ಮೂರು ವಾರ ತಲೆ ಕೆಡಿಸಿಕೊಂಡು ಬಿಡಿಸಿದ ಬೀಜಗಣಿತವಿತ್ತು. ಸೊಸೆ ಹುಮೈರಾ ಹಿಂದಿನ ಕೋಣೆಯಿಂದ ಓಡಿಬಂದು ಅರ್ಧ ಸುಟ್ಟ ಹಾಳೆಯನ್ನು ಎಳೆದು ತೆಗೆದಳು. ಹದಿನಾರು ಹುಡುಗಿಯರು ಬಾಗಿಲಲ್ಲಿ ಒತ್ತೊತ್ತಾಗಿ ನಿಂತು ನೋಡುತ್ತಿದ್ದರು.

"ಓದಿದವರಾಗಿದ್ರೆ ಹೇಳಬಹುದಿತ್ತು ಅತ್ತೆ," ಎಂದಳು ಹುಮೈರಾ. "ನಿಮಗೆ ಏನಂತ ಹೇಳ್ಲಿ? ನಿಮಗೆ ಇದೂ ಒಂದೇ, ಮುಳ್ಳುಕಡ್ಡೀನೂ ಒಂದೇ."

ಹಿಂದಿನಿಂದ ಯಾರೋ ಹುಡುಗಿ ಕಿಸಕ್ಕೆಂದಳು. ಮಸ್ತೂರಾಳಿಗೆ ಸೊಸೆಯ ಮಾತಿಗಿಂತ ಆ ನಗು ಹೆಚ್ಚು ಚುಚ್ಚಿತು.

ಅಫ್ಘಾನಿಸ್ತಾನದ ಹೆರಾತಿನ ಹಳೇ ಪೇಟೆಯ ಆ ಗಲ್ಲಿಯಲ್ಲಿ ತಂದೂರಿದ್ದದ್ದು ಅವಳ ಅಂಗಳದಲ್ಲಿ ಮಾತ್ರ. ಹೆಂಗಸರು ಮನೆಯಲ್ಲಿ ಹಿಟ್ಟು ಕಲಸಿ, ಉಂಡೆಗಳನ್ನು ಹಲಗೆಯ ಮೇಲೆ ಜೋಡಿಸಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಬರುತ್ತಿದ್ದರು. ಮಸ್ತೂರಾ ತಟ್ಟಿ ಸುಟ್ಟು ಕೊಡುತ್ತಿದ್ದಳು. ಹತ್ತು ರೊಟ್ಟಿಗೆ ಒಂದು ರೊಟ್ಟಿ ಅವಳ ಪಾಲು. ಹೆಂಗಸರ ಸ್ನಾನದ ಮನೆ, ಉದ್ಯಾನ, ಹುಬ್ಬು ತಿದ್ದುವ ಅಂಗಡಿ ಎಲ್ಲಕ್ಕೂ ಸರ್ಕಾರ ಬೀಗ ಜಡಿದ ಮೇಲೆ ಅವರು ಕೂತು ನಾಲ್ಕು ಮಾತಾಡಲು ಉಳಿದದ್ದು ಆ ತಂದೂರಿನ ಸುತ್ತಲ ಜಾಗವೊಂದೇ. ರೊಟ್ಟಿ ಸುಡಬೇಡಿ ಎಂದು ಇನ್ನೂ ಯಾರೂ ಆಜ್ಞೆ ಹೊರಡಿಸಿರಲಿಲ್ಲ.

ಹುಮೈರಾ ಎಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಆರನೇ ತರಗತಿ ದಾಟಿದ ಹುಡುಗಿಯರು ಓದಕೂಡದು ಎಂದಾದಾಗ ಅವಳ ಕೆಲಸ ಹೋಯಿತು. ಮುಂದೆ ಮಗಳು ನೀಲಾಬಳೂ ಆರನೆಯದು ಮುಗಿಸಿ ಮನೆ ಸೇರಿದಳು. ಸೊಸೆ ಒಂದು ವರ್ಷ ಗೋಡೆ ನೋಡಿಕೊಂಡು ಕೂತಳು. ಅದನ್ನು ನೋಡಲಾರದೆ ಉಪಾಯ ಹೇಳಿಕೊಟ್ಟವಳು ಬೇರೆ ಯಾರೂ ಅಲ್ಲ, ಇದೇ ಮಸ್ತೂರಾ. ಹಲಗೆ ಹೊತ್ತುಕೊಂಡು ತಂದೂರಿಗೆ ಹೋಗುವ ಹುಡುಗಿಯನ್ನು ಯಾರು ತಡೆಯುತ್ತಾರೆ, ಹಿಟ್ಟಿಗೂ ಬಟ್ಟೆಗೂ ನಡುವೆ ಒಂದು ನೋಟ್‌ಬುಕ್ಕು ಇದ್ದರೆ ಯಾರಿಗೆ ಕಾಣುತ್ತದೆ ಎಂದಿದ್ದಳು. ಒಂದೂವರೆ ವರ್ಷ ಹಾಗೆಯೇ ನಡೆಯಿತು. ಹುಡುಗಿಯರು ಒಳಗೆ ಪಾಠ ಕಲಿಯುವಷ್ಟರಲ್ಲಿ ಇವಳು ಅವರ ರೊಟ್ಟಿ ಸುಟ್ಟು ಹಲಗೆ ತುಂಬಿಸಿ ಇಡುತ್ತಿದ್ದಳು.

ಆದರೆ ಉಪಾಯ ಹೇಳುವುದು ಬೇರೆ, ಅದರ ಕೆಲಸ ಹೊರುವುದು ಬೇರೆ. ಮೊದಲು ಸೊಸೆ ಉಂಡೆ ಕಟ್ಟಿಕೊಡುತ್ತಿದ್ದಳು, ಈಗ ಎಲ್ಲವೂ ಇವಳ ತಲೆಯ ಮೇಲೆ. ತಂದೂರಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು, ಮೊಣಕೈವರೆಗೆ ಸುಟ್ಟ ಕಲೆ. ಮಗ ಬಸೀರ್ ಮೋಟಾರ್ ಸೈಕಲ್ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದರೆ ಅಡುಗೆ ಆಗಿರುತ್ತಿರಲಿಲ್ಲ. ಇಷ್ಟೆಲ್ಲ ಸಹಿಸಿದವಳಿಗೆ ಆ ಕಿಸಕ್ಕೆಂಬ ನಗು ಸಹಿಸಲಾಗಲಿಲ್ಲ.

ಅಂದು ಸಂಜೆ ಅವಳು ಚಾದರ ಹೊದ್ದು ಎರಡು ಗಲ್ಲಿ ಆಚೆ, ಮಸೀದಿಯ ಹಿಂದಿದ್ದ ಅಣ್ಣನ ಮನೆಗೆ ಹೋದಳು. ಅಣ್ಣ ಹಾಜಿ ಗುಲ್ ಅಹ್ಮದ್ ಮಸೀದಿಯ ಹಿರಿಯರಲ್ಲಿ ಒಬ್ಬ. ಗಲ್ಲಿಯಲ್ಲಿ ಏನೇನು ನಡೆಯುತ್ತದೆ ಎಂದು ಆ ಹಿರಿಯರು ವಾರಕ್ಕೊಮ್ಮೆ ನೀತಿ ಪೊಲೀಸರ ಕಚೇರಿಗೆ ಹೋಗಿ ವರದಿ ಒಪ್ಪಿಸಬೇಕಿತ್ತು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಮಟ್ಟಿಗೆ ಅವನು ಮೊದಲು ಅಣ್ಣ. ಸೊಸೆಯ ಮೇಲಿನ ದೂರನ್ನು ತವರಿನ ಗಂಡಸಿನ ಕಿವಿಗೆ ಹಾಕಿ ಅವನಿಂದ ಒಂದು ಮಾತು ಆಡಿಸುವುದು ಅವಳ ತಾಯಿಯೂ ಅತ್ತೆಯೂ ಮಾಡಿದ ಕೆಲಸವೇ. ಮನೆಯ ಮಾತು ಮನೆಯಲ್ಲೇ ಉಳಿಯುವ ದಾರಿ ಅದು ಎಂದೇ ಅವಳು ತಿಳಿದಿದ್ದಳು.

"ನೀನು ಬಂದು ಎರಡು ಮಾತು ಗದರಿಸಣ್ಣ," ಎಂದಳು. "ನನ್ನ ಮನೇಲಿ ನನಗೇ ಮೇಡಂ ಆಗಿ ಕೂತಿದಾಳೆ. ಬರೋ ರಂಜಾನ್ ಮುಗಿಯೋವರೆಗಾದ್ರೂ ನಿಲ್ಲಿಸ್ಲಿ."

ಹಾಜಿ ಚಹಾ ಬಗ್ಗಿಸುತ್ತಾ ಕೇಳಿದ. "ಎಷ್ಟು ಜನ ಬರ್ತಾರೆ?"

"ಹದಿನಾರು."

"ದಿನಾನಾ?"

"ಶುಕ್ರವಾರ ಬಿಟ್ಟು."

"ಆಯ್ತು," ಎಂದ ಅಣ್ಣ. "ನನಗೆ ಬಿಡು."

ಬರುವಾಗ ಮಸ್ತೂರಾಳ ಮನಸ್ಸು ಹಗುರವಾಗಿತ್ತು. ಆ ಹಗುರವನ್ನು ಮುಂದೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯುತ್ತಿರಲಿಲ್ಲ.

ನಾಲ್ಕು ದಿನ ಅಣ್ಣ ಬರಲಿಲ್ಲ. ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಉಪ್ಪು ಬೇಕಾದರೂ ನೀಲಾಬಳ ಮೂಲಕವೇ ಹೋಗಬೇಕು. ಐದನೆಯ ದಿನ ರಂಜಾನಿನ ಮೊದಲ ರೋಜಾ. ಅಭ್ಯಾಸಬಲ ನೋಡಿ, ಹುಡುಗಿಯರು ಎಂದಿನಂತೆ ಬೆಳಿಗ್ಗೆ ಒಂಬತ್ತಕ್ಕೇ ಹಲಗೆ ಹೊತ್ತು ಬಂದುಬಿಟ್ಟರು. ರೋಜಾ ತಿಂಗಳಲ್ಲಿ ರೊಟ್ಟಿ ಸುಡುವುದು ಮಧ್ಯಾಹ್ನ ಮೂರರ ಮೇಲೆ, ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಬಿಸಿಯಾಗಿರಲಿ ಎಂದು. ಬೆಳಿಗ್ಗೆ ತಂದೂರೇ ಹೊತ್ತಿರುವುದಿಲ್ಲ. ಹೊತ್ತು ಬದಲಿಸಬೇಕೆಂದು ಹುಮೈರಾಳಿಗೆ ಹೊಳೆಯಲಿಲ್ಲ. ಮಸ್ತೂರಾಳಿಗೆ ಹೊಳೆದಿತ್ತು, ಆದರೆ ಬಾಯಿ ಬಿಡಲಿಲ್ಲ. ಓದಿದವಳು ತಾನೇ ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದಳು.

ಎದುರು ಮನೆಯ ಸಾಬಿರಾ ಬಾಗಿಲು ಗುಡಿಸುತ್ತಿದ್ದಳು. ಕಂಬಳಿಯ ಉಣ್ಣೆ ಬಾಚಿ ಬದುಕುತ್ತಿದ್ದ ವಿಧವೆ; ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. ಬಾಯಿ ಸ್ವಲ್ಪ ಜಾಸ್ತಿ, ಮನಸ್ಸಿನಲ್ಲಿ ಏನೂ ಇಲ್ಲ. ಹುಡುಗಿಯರ ಸಾಲು ನೋಡಿ ಗಲ್ಲಿಗೆಲ್ಲ ಕೇಳುವಂತೆ ನಕ್ಕಳು.

"ಇದೇನ್ರೇ, ರೋಜಾ ದಿನ ಬೆಳಿಗ್ಗೇನೇ ರೊಟ್ಟಿ ಸುಡೋಕೆ ಹೊರಟ್ರಿ? ಹಗಲು ಹೊತ್ನಲ್ಲಿ ಯಾರ ಬಾಯಿಗೆ?"

ಹುಮೈರಾ ಹುಡುಗಿಯರನ್ನು ಹಾಗೆಯೇ ಹಿಂದಕ್ಕೆ ಕಳಿಸಿ, ಇನ್ನು ಮೇಲೆ ಮೂರಕ್ಕೆ ಬನ್ನಿ ಎಂದಳು.

ಮಾರನೆಯ ದಿನ ಮೂರೂವರೆಗೆ ಅವರು ಬಂದರು. ನೀತಿ ಪೊಲೀಸರ ಬಿಳಿ ಕೋಟಿನವರು ಇಬ್ಬರು, ಬಂದೂಕಿನವರು ಮೂವರು. ಅಂಗಳದಲ್ಲಿ ಗಲ್ಲಿಯ ಎಂಟು ಹತ್ತು ಹೆಂಗಸರು ಹಲಗೆ ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಚಾದರ ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದರು. ಬಂದವರು ಆ ಕಡೆ ಈ ಕಡೆ ನೋಡದೆ ನೇರ ಹಿಂದಿನ ಕೋಣೆಗೆ ನುಗ್ಗಿದರು. ಒಬ್ಬ ಹೊರಬಂದು ಒಂದು ಹಲಗೆಯ ಬಟ್ಟೆ ಎಳೆದ. ಹಿಟ್ಟಿನ ಉಂಡೆಗಳ ಜೊತೆ ನೋಟ್‌ಬುಕ್ಕು ನೆಲಕ್ಕೆ ಬಿತ್ತು.

"ಇಲ್ಲಿ ಪಾಠ ಹೇಳೋಳು ಯಾರು?"

ಮಸ್ತೂರಾ ತಂದೂರಿನ ಮುಂದೆ ರೊಟ್ಟಿಯನ್ನು ಒಳಗೋಡೆಗೆ ಒತ್ತಿ ಅಂಟಿಸುವ ಬಟ್ಟೆಯ ದಿಂಬು ಹಿಡಿದು ಕೂತಿದ್ದಳು. ಅವಳ ನಾಲಿಗೆ ಅವಳ ಮಾತು ಕೇಳಲಿಲ್ಲ.

"ನನಗೇನೂ ಗೊತ್ತಿಲ್ಲಪ್ಪ. ನನಗೆ ಓದು ಬರಲ್ಲ. ನಾನು ರೊಟ್ಟಿ ಸುಡೋಳು. ಒಳಗೆ ಏನ್ ಮಾಡ್ತಾಳೋ ಅವಳನ್ನೇ ಕೇಳಿ."

'ಅವಳನ್ನೇ' ಎಂದದ್ದೇ ಸಾಕಾಯಿತು. ಹುಮೈರಾ ತಾನಾಗಿ ಹೊರಗೆ ಬಂದು ನಿಂತಳು. ಅತ್ತೆಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಹುಡುಗಿಯರ ಅಪ್ಪಂದಿರ ಹೆಸರು ಬರೆದುಕೊಂಡರು. ಹುಮೈರಾಳನ್ನು ಗಾಡಿಗೆ ಹತ್ತಿಸಿಕೊಂಡು ಹೋದರು. ತಂದೂರಿನಲ್ಲಿದ್ದ ರೊಟ್ಟಿಗಳು ಕರಟಿ ಬೂದಿಗೆ ಬಿದ್ದವು.

ಬಸೀರ್ ಅಂಗಡಿ ಮುಚ್ಚಿ ಕಚೇರಿಯಿಂದ ಕಚೇರಿಗೆ ಅಲೆದ. ಮೂರನೆಯ ದಿನ ಬಿಟ್ಟರು. ಅವಳು ಗಂಡನ ಜೊತೆಯಲ್ಲದೆ ಹೊಸ್ತಿಲು ದಾಟಕೂಡದು, ಮನೆಯಲ್ಲಿ ಪಾಠ ನಡೆದರೆ ಗಂಡನೇ ಹೊಣೆ ಎಂದು ಬರೆಸಿಕೊಂಡಿದ್ದರು. ಆ ಕಾಗದಕ್ಕೆ ಜಾಮೀನು ನಿಂತು ಸಹಿ ಹಾಕಿದವನು ಹಾಜಿ ಗುಲ್ ಅಹ್ಮದ್. ಅವನೇ ಕಾರಿನಲ್ಲಿ ಕರೆತಂದು ಬಿಟ್ಟ. ಬಸೀರ್ ಬಗ್ಗಿ ಸೋದರಮಾವನ ಕೈಗೆ ಮುತ್ತಿಟ್ಟು, ನೀವಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಕಣ್ಣೊರೆಸಿಕೊಂಡ.

ಹುಮೈರಾ ಅಂಗಾಲು ಊರಲಾರದೆ ಪಾದಗಳ ಅಂಚಿನ ಮೇಲೆ ನಡೆಯುತ್ತಾ ಒಳಗೆ ಹೋದಳು. ಬಿಸಿನೀರು ಕೇಳಿದಳು, ನೀಲಾಬ್ ತಂದುಕೊಟ್ಟ ಮೇಲೆ ಬಾಗಿಲು ಹಾಕಿಕೊಂಡಳು.

ಬಾಗಿಲ ಮರೆಯಲ್ಲಿ ಮಸ್ತೂರಾ ಅಣ್ಣನನ್ನು ತಡೆದಳು. "ನಾನು ಗದರಿಸು ಅಂದಿದ್ದೆ ಅಣ್ಣ. ಅಷ್ಟೇ ಅಂದಿದ್ದು."

"ಗದರಿಸಿದ್ರೆ ಕೇಳೋ ಹೆಂಗಸಾ ಅವಳು? ನಾಳೆ ಇನ್ಯಾರೋ ಹೋಗಿ ಹೇಳಿದ್ರೆ ನನ್ನ ಗಡ್ಡ ಹಿಡಿದು ಕೇಳ್ತಿದ್ರು, ನಿನ್ನ ಮಗನ್ನೂ ಎಳ್ಕೊಂಡು ಹೋಗ್ತಿದ್ರು. ನಾನೇ ಹೇಳಿದ್ದಕ್ಕೆ ಎರಡೇ ದಿನದಲ್ಲಿ ಬಿಟ್ಟಿದಾರೆ." ಅವನು ದನಿ ತಗ್ಗಿಸಿದ. "ಬಾಯಿ ಮುಚ್ಕೊಂಡಿರು. ಹೇಳಿದ್ದು ನೀನು ಅನ್ನೋದು ಮರೀಬೇಡ."

ಅವಳು ಬಾಯಿ ಮುಚ್ಚಿಕೊಂಡಳು.

ಗಲ್ಲಿಯವರು ಮಾತ್ರ ಸುಮ್ಮನಿರಲಿಲ್ಲ. ಬಂದವರು ನೇರ ಹಿಂದಿನ ಕೋಣೆಗೇ ಹೋದರಲ್ಲ, ಯಾರೋ ಹೇಳದೆ ಹೇಗೆ ಗೊತ್ತಾಯಿತು? ತಂದೂರಿನ ಸುತ್ತ ಅದೇ ಮಾತು. ಇಬ್ಬರು ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿದ್ದ ಕುಲ್ಸೂಮ್ ಎಂಬಾಕೆಗೆ ಉತ್ತರ ಸಿಕ್ಕಿತು. ಮೊದಲ ರೋಜಾ ದಿನ ಗಲ್ಲಿಗೆಲ್ಲ ಡಂಗುರ ಹೊಡೆದವಳು ಯಾರು? ಬೆಳಿಗ್ಗೆ ರೊಟ್ಟಿ ಯಾರ ಬಾಯಿಗೆ ಅಂದವಳು ಯಾರು? ಮಾರನೇ ದಿನವೇ ತಾನೇ ಅವರು ಬಂದದ್ದು? ಅವಳಿಗೇನು ಪಾಠಕ್ಕೆ ಬರುವ ಮಕ್ಕಳಿದ್ದಾರೆಯೇ, ಅವಳಿಗೇನು ನಷ್ಟ? ಕುಲ್ಸೂಮಳ ಗಂಡನನ್ನು ಕಚೇರಿಗೆ ಕರೆಸಿ ಎಲ್ಲರ ಮುಂದೆ ಕಪಾಳಕ್ಕೆ ಹೊಡೆದಿದ್ದರು. ಆ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು.

ಮೊದಲು ಸಾಬಿರಾ ಬಂದು ಕೂತರೆ ಉಳಿದವರು ಹಲಗೆ ಸರಿಸಿಕೊಂಡರು. ಆಮೇಲೆ ಸಲಾಮಿಗೆ ಉತ್ತರ ಕೊಡುವುದು ಬಿಟ್ಟರು. ಸಾಬಿರಾ ಆಣೆ ಪ್ರಮಾಣ ಮಾಡಿದಳು, ಅತ್ತಳು. ಕಳ್ಳ ಕಣ್ಣೀರು ಎಂದು ಕುಲ್ಸೂಮ್ ಮೂಗು ಮುರಿದಳು. ಎಂಟನೆಯ ರೋಜಾ ದಿನ ಎಲ್ಲರೂ ಸೇರಿ ಮಸ್ತೂರಾಳಿಗೆ ಹೇಳಿದರು. ಅವಳ ರೊಟ್ಟಿ ಈ ತಂದೂರಿನಲ್ಲಿ ಸುಟ್ಟರೆ ನಾವು ಬೇರೆ ತಂದೂರು ನೋಡಿಕೊಳ್ಳುತ್ತೇವೆ. ನಿನ್ನ ಸೊಸೆಗೇ ಅಲ್ಲವೇ ಅವಳು ದ್ರೋಹ ಬಗೆದದ್ದು, ನಿನಗೆ ರೋಷ ಬೇಡವೇ?

ಸಾಬಿರಾ ಹಲಗೆ ಹೊತ್ತು ಬಂದಳು. ಆರು ಉಂಡೆ. ಅವಳ ಅಪ್ಪನಿಗೆ ಹಲ್ಲಿಲ್ಲ. ತಂದೂರಿನ ಮೆತ್ತನೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಟ್ಟರೆ ಮಾತ್ರ ಒಳಗಿಳಿಯುತ್ತಿತ್ತು.

"ಸಾಬಿರಾ," ಎಂದಳು ಮಸ್ತೂರಾ, ಅವಳ ಮುಖ ನೋಡದೆ. "ಇವತ್ತು ತಂದೂರು ಆರಿಹೋಯ್ತು."

ಸಾಬಿರಾ ಬಗ್ಗಿ ನೋಡಿದಳು. ಕೆಂಡ ನಿಗಿನಿಗಿ ಅನ್ನುತ್ತಿತ್ತು. "ಉರೀತಾ ಇದೆಯಲ್ಲ ಬೀಬಿ."

"ಆರಿಹೋಯ್ತು ಅಂದೆ."

ಸಾಬಿರಾ ಸುತ್ತ ಕೂತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಹಲಗೆ ಎತ್ತಿ ತಲೆಯ ಮೇಲಿಟ್ಟುಕೊಂಡು ಹಸಿ ಹಿಟ್ಟಿನೊಂದಿಗೆ ಹಿಂದಿರುಗಿದಳು. ಹೆಂಗಸರು ಸರಿಯಾಗಿ ಮಾಡಿದೆ ಬೀಬಿ ಎಂದು ಬೆನ್ನು ತಟ್ಟಿದರು. ಮಸ್ತೂರಾಳಿಗೆ ತಾನು ಕೂತ ನೆಲವೇ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಆದರೂ ಮುಂದಿನ ಉಂಡೆ ಕೈಗೆತ್ತಿಕೊಂಡಳು.

ಆ ಸಂಜೆ ಇಫ್ತಾರಿಗೆ ನಾಲ್ವರೂ ಚಾಪೆಯ ಸುತ್ತ ಕೂತಿದ್ದರು. ಖರ್ಜೂರ, ಶೋರ್ಬಾ, ಸೊಪ್ಪು ತುಂಬಿದ ಬೊಲಾನಿ. ನೀಲಾಬ್ ಬಾಯಿ ತುಂಬ ತಿನ್ನುತ್ತಾ, ಸಾಬಿರಾಳ ಹೊಸ್ತಿಲ ಮೇಲೆ ಒಂದು ಬಕೆಟ್ ಬೂದಿ ಸುರಿದು ಬಂದೆ ಎಂದಳು.

"ಒಳ್ಳೇ ಕೆಲಸ ಮಾಡ್ದೆ," ಎಂದ ಬಸೀರ್.

ಹುಮೈರಾ ಚಮಚ ಕೆಳಗಿಟ್ಟಳು. ಮನೆಗೆ ಬಂದ ಮೇಲೆ ಅವಳು ಊಟದಲ್ಲಿ ಮಾತಾಡಿದ್ದೇ ಅಪರೂಪ. "ನಾಳೆ ಬೆಳಿಗ್ಗೆ ಹೋಗಿ ಗುಡಿಸಿ ಬಾ."

"ಯಾಕಮ್ಮ? ಅವಳಿಂದ್ಲೇ ಅಲ್ವಾ ನಿನ್ನ ಕಾಲು ಹೀಗಾಗಿದ್ದು?"

"ಗುಡಿಸಿ ಬಾ ಅಂದೆ."

"ಅವಳಿಗ್ಯಾಕೆ ನೀನು ವಕಾಲತ್ತು ವಹಿಸ್ತೀಯ?" ಎಂದ ಬಸೀರ್. "ಅವಳು ಗಂಡಸಾಗಿದ್ರೆ ನಾನೇ ಹೋಗಿ ಕೇಳ್ತಿದ್ದೆ."

ನೀಲಾಬ್ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನೀನಾದ್ರೂ ಹೇಳು. ನಾನು ಮಾಡಿದ್ದು ತಪ್ಪಾ?"

ಮೂವರೂ ಅವಳನ್ನೇ ನೋಡುತ್ತಿದ್ದರು. ಮಸ್ತೂರಾ ಮೊಮ್ಮಗಳ ಬಟ್ಟಲನ್ನು ಹತ್ತಿರ ತಳ್ಳಿದಳು. "ಶೋರ್ಬಾ ಆರುತ್ತೆ, ಕುಡಿ."

ಹುಮೈರಾ ಎದ್ದು ಹೋದಳು. ಬೂದಿಯನ್ನು ಯಾರೂ ಗುಡಿಸಲಿಲ್ಲ. ಗಾಳಿಗೆ ತಾನೇ ಹಾರಿಹೋಯಿತು.

ದಿನಗಳು ಹಾಗೆಯೇ ಸಾಗಿದವು. ಹಿಂದಿನ ಕೋಣೆಯ ಬಾಗಿಲಿಗೆ ಬಸೀರ್ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡ. ಅಂಗಡಿಗೆ ಹೋಗುವಾಗ ಬೀದಿ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದ. ಹೆಂಡತಿಗೆ ತಾನೇ ಕಾವಲುಗಾರನಾದೆ ಎಂಬ ನಾಚಿಕೆಗೋ ಏನೋ, ಅವಳೊಡನೆ ಮಾತಾಡುವಾಗ ಗೋಡೆ ನೋಡುತ್ತಿದ್ದ. ಮೊದಲು ಹೀಗಿರಲಿಲ್ಲ, ಹೆಂಡತಿಯ ಸಂಬಳದ ದಿನ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಐಸ್‌ಕ್ರೀಮಿಗೆ ಹೋಗುತ್ತಿದ್ದವನು. ಇದೆಲ್ಲ ತನ್ನಿಂದ ಎಂದು ಮಸ್ತೂರಾಳಿಗೆ ದಿನದ ಐದೂ ನಮಾಜಿನಲ್ಲಿ ನೆನಪಾಗುತ್ತಿತ್ತು. ತಲೆ ನೆಲಕ್ಕಿಟ್ಟರೆ ಏಳಲು ಮನಸ್ಸಾಗುತ್ತಿರಲಿಲ್ಲ. ದೇವರ ಮುಂದೆ ಅತ್ತು ಒಪ್ಪಿಕೊಳ್ಳುವುದೇನೋ ಸುಲಭವಿತ್ತು. ದೇವರು ಯಾರಿಗೂ ಹೇಳುವುದಿಲ್ಲವಲ್ಲ.

ಇಪ್ಪತ್ತೆರಡನೆಯ ರೋಜಾ ದಿನ, ಮಧ್ಯಾಹ್ನದ ನಮಾಜು ಮುಗಿಸಿ ಅವಳು ಮಾಳಿಗೆಯ ಮೇಲಿನ ಬಟ್ಟೆ ತೆಗೆಯಲು ಹತ್ತಿದಳು. ಅಲ್ಲಿ ಗಲ್ಲಿಯ ಮೇಲೆ ಕಮಾನು ಕಟ್ಟಿದ ಹಳೇ ಚಾವಣಿ ಎದುರುಬದುರಿನ ಎರಡು ಮನೆಗಳನ್ನೂ ಕೂಡಿಸುತ್ತಿತ್ತು, ನಡುವೆ ಎದೆಮಟ್ಟದ ಗೋಡೆ. ಹುಮೈರಾ ಗೋಡೆಯ ಬಳಿ ನಿಂತು ಬಟ್ಟೆಯಲ್ಲಿ ಸುತ್ತಿದ ನಾಲ್ಕು ರೊಟ್ಟಿಯನ್ನು ಆಚೆಗೆ ದಾಟಿಸುತ್ತಿದ್ದಳು. ಆಚೆಯಿಂದ ಸಾಬಿರಾಳ ಕೈ ಬಂದು ತೆಗೆದುಕೊಂಡಿತು. ಹುಮೈರಾ ತಿರುಗಿದಾಗ ಅತ್ತೆ ಕಂಡಳು. ಬೆಚ್ಚಲಿಲ್ಲ.

"ಅವಳಿಗ್ಯಾಕೆ ಕೊಡ್ತೀಯ?" ಎಂದು ಕೇಳಿದಳು ಮಸ್ತೂರಾ. ಕೇಳುವಾಗಲೇ ಉತ್ತರ ಬೇಡ ಅನಿಸಿತ್ತು.

"ಹೇಳಿದ್ದು ಅವರಲ್ಲ ಅಂತ ನನಗೆ ಗೊತ್ತು ಅತ್ತೆ."

"ಹೇಗ್ಗೊತ್ತು?"

"ಕಚೇರೀಲಿ ವಿಚಾರಣೆ ಮಾಡೋನ ಮೇಜಿನ ಮೇಲೆ ಕಾಗದ ಇತ್ತು. ನನಗೆ ತಲೆಕೆಳಗಾಗಿ ಕಾಣ್ತಿತ್ತು. ಮಕ್ಕಳ ಪುಸ್ತಕಾನ ಎಷ್ಟೋ ವರ್ಷ ಹಾಗೇ ಎದುರಿಂದ ಓದಿ ತಿದ್ದಿದೀನಿ." ಹುಮೈರಾ ತಗ್ಗಿದ ದನಿಯಲ್ಲಿ ಹೇಳಿದಳು. "ಕೆಳಗೆ ಹಾಜಿ ಮಾವನ ಸಹಿ. ಮೇಲೆ 'ನನ್ನ ತಂಗಿಯಿಂದ ತಿಳಿದುಬಂದದ್ದು' ಅಂತ ಬರೆದಿದ್ರು. ನಿಮ್ಮ ಹೆಸರು ಬರೆದಿರಲಿಲ್ಲ. ಹೆಂಗಸರ ಹೆಸರು ಕಾಗದಕ್ಕೆ ಹಾಕ್ತಾರಾ?"

ಮಸ್ತೂರಾ ಒಣಗಿದ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡು ನಿಂತಳು. ಎರಡೂವರೆ ವಾರ ಈ ಹೆಣ್ಣು ತನ್ನ ಕೈಯಡುಗೆ ಉಂಡಿದೆ, ತನ್ನೆದುರು ಕೂತಿದೆ, ಎಲ್ಲ ಗೊತ್ತಿದ್ದೂ ಕೂತಿದೆ. ಸೊಸೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

"ಬಸೀರನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ನಿಮ್ಮನ್ನ ಈ ಮನೇಲಿ ಇಟ್ಕೊಳ್ಳಲ್ಲ. ನೀವು ಹೋಗೋದೆಲ್ಲಿಗೆ? ಹಾಜಿ ಮಾವನ ಮನೆಗೇ. ನನಗೆ ನಿಮ್ಮಣ್ಣ ಮಾಡಿದ್ದು ಸಾಕು, ನಿಮ್ಮನ್ನೂ ನಾನೇ ಅವರ ಕೈಗೆ ಕೊಡ್ಲಾ?" ಅವಳು ಗೋಡೆ ಬಿಟ್ಟು ಹತ್ತಿರ ಬಂದಳು. "ಅವತ್ತು ನಾನೂ ಆಡಬಾರದ ಮಾತು ಆಡಿದ್ದೆ. ಮಕ್ಕಳ ಮುಂದೆ. ಅದಕ್ಕೆ ಶಿಕ್ಷೆ ಇಷ್ಟಿರಬಾರದಿತ್ತು ಅತ್ತೆ."

"ಸಾಬಿರಾಗೆ ಗೊತ್ತಾ?"

"ನಾನು ಹೇಳಿಲ್ಲ. ಅದು ನಾನು ಹೇಳೋ ಮಾತಲ್ಲ."

ಹುಮೈರಾ ಬಟ್ಟೆಯ ರಾಶಿಯಲ್ಲಿ ಅರ್ಧ ತೆಗೆದುಕೊಂಡು, ಪಾದದ ಅಂಚಿನ ಮೇಲೆ ಭಾರ ಹಾಕುತ್ತಾ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಆಮೇಲೆ ಒಂದು ವಾರ ಮಸ್ತೂರಾ ಹೇಳಲು ಹೊರಟಳು, ಹೇಳಲಿಲ್ಲ. ಊಟಕ್ಕೆ ಕೂತಾಗ ಬಸೀರ್ ಎಂದು ಶುರು ಮಾಡಿ, ಅವನು ತಲೆಯೆತ್ತಿದರೆ, ಉಪ್ಪು ಸರಿಯಾಗಿದೆಯಾ ಎಂದು ಕೇಳಿಬಿಡುತ್ತಿದ್ದಳು. ಹುಮೈರಾ ಏನೂ ಅನ್ನುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು.

ಈದ್ ಹಿಂದಿನ ಮಧ್ಯಾಹ್ನ ಗಲ್ಲಿಯ ಹೆಂಗಸರೆಲ್ಲ ಕುಲ್ಚಾ ಸುಡಿಸಲು ಬಂದರು. ಮೊಟ್ಟೆ, ಸಕ್ಕರೆ, ಎಣ್ಣೆ ಹಾಕಿ ಕಲಸಿದ ಹಿಟ್ಟು, ಮೇಲೆ ಎಳ್ಳು. ವರ್ಷದಲ್ಲೇ ಹೆಚ್ಚು ಜನ ಸೇರುವ ದಿನ ಅದು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಲ್ಸೂಮ್ ಮುಂದಿನ ಸಾಲಿನಲ್ಲೇ ಕೂತು, ಎದುರು ಮನೆಯಲ್ಲಿ ಈ ಸಲ ಈದ್ ಇಲ್ಲವೇನೋ, ಹೊಗೆಯೇ ಏಳಲಿಲ್ಲ ಎಂದು ನಕ್ಕಳು. ನಾಲ್ಕು ಜನ ಜೊತೆಗೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ನೀಲಾಬಳೂ ನಕ್ಕಳು.

ಮೊಮ್ಮಗಳ ಆ ನಗು ಕೇಳಿ ಮಸ್ತೂರಾ ದಿಂಬು ಕೆಳಗಿಟ್ಟು ಎದ್ದಳು. ಚಾದರ ಸರಿಮಾಡಿಕೊಂಡು ಗಲ್ಲಿ ದಾಟಿ ಎದುರು ಬಾಗಿಲು ಬಡಿದಳು. ಸಾಬಿರಾ ಅರ್ಧ ತೆರೆದು, ತನಗೆ ಅಲ್ಲಿ ಏನು ಕೆಲಸ ಎಂದಳು. ಬಂದು ಕೇಳಿ ಹೋಗು, ಅಷ್ಟೇ, ಎಂದು ಮಸ್ತೂರಾ ಅವಳ ಕೈ ಹಿಡಿದು ಕರೆತಂದಳು. ಅಂಗಳದ ಮಾತು ಗಕ್ಕನೆ ನಿಂತಿತು.

"ಸಾಬಿರಾ ಹೇಳಿದ್ದಲ್ಲ," ಎಂದಳು ಮಸ್ತೂರಾ. ನಿಂತೇ ಹೇಳಿದಳು. "ಹೇಳಿದ್ದು ನಾನು. ನಮ್ಮಣ್ಣನ ಹತ್ರ. ಸೊಸೆ ಮೇಲೆ ಸಿಟ್ಟು ಬಂದಿತ್ತು, ಹೋಗಿ ಹೇಳ್ದೆ. ಅವನು ಕಚೇರಿಗೆ ಹೇಳ್ದ. ಆಮೇಲೆ ಗೊತ್ತಿದ್ದೂ ನಿಮ್ಮೆಲ್ಲರ ಮುಂದೆ ಇವಳ ಹಿಟ್ಟು ಹಿಂದಕ್ಕೆ ಕಳಿಸ್ದೆ. ತಂದೂರು ಆರಿರಲಿಲ್ಲ."

ಮೊದಲು ಎದ್ದವಳು ಕುಲ್ಸೂಮ್.

"ನನ್ನ ಗಂಡನಿಗೆ ಹೊಡೆದ ದಿನ ನಿಮ್ಮನೆ ಖರ್ಜೂರದಲ್ಲೇ ನಾನು ರೋಜಾ ಬಿಟ್ಟೆ ಬೀಬಿ," ಎಂದಳು. "ನೀನೇ ತಂದ್ಕೊಟ್ಟೆ. ನನ್ನ ತಲೆ ಸವರಿದೆ."

ಸುಡದ ಕುಲ್ಚಾದ ತಟ್ಟೆ ಎತ್ತಿಕೊಂಡು ಹೊರಟಳು. ಸಾಬಿರಾಳ ಪಕ್ಕದಲ್ಲಿ ಹಾದುಹೋಗುವಾಗ ಏನೋ ಹೇಳಲು ನಿಂತಳು. ಸಾಬಿರಾ ಮುಖ ತಿರುಗಿಸಿದಳು. ಒಬ್ಬರ ಹಿಂದೆ ಒಬ್ಬರು ತಟ್ಟೆ ಎತ್ತಿದರು. ಮಸ್ತೂರಾಳಿಗೆ ಯಾರೂ ಬೈಯಲಿಲ್ಲ. ಅಂಗಳ ಖಾಲಿಯಾಯಿತು, ಅಲ್ಲಲ್ಲಿ ಉದುರಿದ ಎಳ್ಳು ಉಳಿಯಿತು. ಸಾಬಿರಾಳೂ ಹೋದಳು.

ತಂದೂರು ಹದವಾಗಿ ಕಾದಿತ್ತು. ಮಸ್ತೂರಾ ಅದರ ಮುಂದೆ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿದ ಸದ್ದಾಯಿತು. ಸಾಬಿರಾ ತಲೆಯ ಮೇಲೆ ಹಲಗೆ ಹೊತ್ತು ಬಂದು ನಿಂತಿದ್ದಳು. ಮಸ್ತೂರಾ ಗಡಬಡಿಸಿ ಉಂಡೆಗೆ ಕೈ ಚಾಚಿದಳು. ಸಾಬಿರಾ ಹಲಗೆಯನ್ನು ಹಿಂದಕ್ಕೆಳೆದುಕೊಂಡಳು.

"ಮುಟ್ಟಬೇಡಿ ಬೀಬಿ. ನಾನು ಕ್ಷಮಿಸೋಕೆ ಬಂದಿಲ್ಲ. ಅಪ್ಪನಿಗೆ ರೊಟ್ಟಿ ಬೇಕು, ನಮ್ಮನೇಲಿ ತಂದೂರಿಲ್ಲ. ಸರೀರಿ, ನಾನೇ ತಟ್ಕೋತೀನಿ."

ಮಸ್ತೂರಾ ಸರಿದು ಕೂತಳು. ಸಾಬಿರಾಳಿಗೆ ಅಭ್ಯಾಸವಿರಲಿಲ್ಲ, ಮೊದಲ ರೊಟ್ಟಿ ಗೋಡೆಗೆ ಹಿಡಿಯದೆ ಬೂದಿಗೆ ಬಿತ್ತು, ಎರಡನೆಯದು ಅವಳ ಮಣಿಕಟ್ಟು ಸುಟ್ಟಿತು. ಮಸ್ತೂರಾ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನೀಲಾಬ್ ಬಾಗಿಲಿನಿಂದ ಬಂದು, ಅಜ್ಜಿಯ ಕಡೆ ನೋಡದೆ, ಸಾಬಿರಾಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ನಿಮ್ಮ ಬಾಗಿಲಿಗೆ ಬೂದಿ ಸುರಿದದ್ದು ನಾನು," ಎಂದಳು.

"ಗೊತ್ತು," ಎಂದಳು ಸಾಬಿರಾ. "ಆ ರೊಟ್ಟಿ ಎಳೆಯೋ ಕಡ್ಡಿ ಕೊಡು ಇಲ್ಲಿ."

ಹದಿನಾಲ್ಕರ ಹುಡುಗಿಗೆ ತಪ್ಪೊಪ್ಪಿಗೆ ಅಷ್ಟು ಸಲೀಸಾಗಿ ಬಂತು. ಮಸ್ತೂರಾಳಿಗೆ ಒಂದು ತಿಂಗಳು ಹಿಡಿದಿತ್ತು, ಇನ್ನೂ ಮುಗಿದಿರಲಿಲ್ಲ. ಒಳಬಾಗಿಲಲ್ಲಿ ಹುಮೈರಾ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ಮ ಮಗ ಬರೋ ಹೊತ್ತಾಯ್ತು ಅತ್ತೆ," ಎಂದಳು.

ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಮಸ್ತೂರಾ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಬಾಗಿಲು ತೆಗೆದಳು. ಬಸೀರ್ ನಗುತ್ತಿದ್ದ; ಎಷ್ಟೋ ದಿನದ ಮೇಲೆ ಕಂಡ ನಗು. ಕಂಕುಳಲ್ಲಿ ಕಾಗದದ ಪೊಟ್ಟಣ, ಅದರ ಹರುಕಿನಿಂದ ಹೊಸ ಶಾಲಿನ ಹಸಿರು ಅಂಚು ಕಾಣುತ್ತಿತ್ತು.

"ಈದ್‌ಗೆ ನಿನಗೆ ಅಮ್ಮ," ಎಂದು ಚಾಚಿದ.

ಅವಳು ಕೈ ಮುಂದೆ ಮಾಡಲಿಲ್ಲ. "ಒಳಗೆ ಬಾ, ಕೂತ್ಕೋ," ಎಂದಳು. "ನಾನೊಂದು ಮಾತು ಹೇಳ್ತೀನಿ. ಕೇಳಿದ ಮೇಲೂ ಕೊಡಬೇಕು ಅನಿಸಿದ್ರೆ ಆಗ ಕೊಡು."